ಇಂದಿನ ಚಿಂತನೆ: ಮೊದಲು ಅವರ ತಾಳ

 

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಕೋಡಿಹಳ್ಳಿಯ ನಮ್ಮ ಶಾಲೆಗೆ ಒಬ್ಬ ಹುಡುಗಿ ಸೇರಿದಳು. ಅಪ್ಪ ಅಮ್ಮ ಒಡಿಶಾದಿಂದ ಇಟ್ಟಿಗೆ ಗೂಡಿನ ಕೆಲಸಕ್ಕೆ ಬಂದವರು. ಅವಳಿಗೆ ಕನ್ನಡ ಬಾರದು, ನನಗೆ ಒಡಿಯಾ ಬಾರದು. ಏನು ಕೇಳಿದರೂ ಮೌನ. ಬೆರಳು ಮಾತ್ರ ಸದಾ ಬೆಂಚಿನ ಮೇಲೆ ತಾಳ ಹಾಕುತ್ತಿತ್ತು. "ಸದ್ದು ಮಾಡಬೇಡ" ಎಂದು ದಿನವೂ ಗದರುತ್ತಿದ್ದೆ. ನನ್ನ ಕನ್ನಡದಲ್ಲಿ ಅವಳಿಗೆ ಮೊದಲು ಅರ್ಥವಾದದ್ದು ಅದೊಂದೇ ಮಾತು. ಬೆರಳೂ ನಿಂತಿತು.

ವಿನಯ ಪಿಟಕದ ಮಹಾವಗ್ಗದಲ್ಲಿ ಸೋಣನೆಂಬ ಭಿಕ್ಖುವಿನ ಕಥೆಯಿದೆ. ಅಂಗಾಲು ಒಡೆದು ರಕ್ತ ಸುರಿಯುವಷ್ಟು ನಡೆದು ಸಾಧನೆ ಮಾಡಿದವನು, ಫಲ ಕಾಣದೆ ಮನೆಗೆ ಮರಳಲು ಯೋಚಿಸುತ್ತಾನೆ. ಭಗವಾನರು ಬಂದು ಕೇಳುವುದು ಧಮ್ಮದ ಪ್ರಶ್ನೆಯನ್ನಲ್ಲ. ನೀನು ಮನೆಯಲ್ಲಿದ್ದಾಗ ವೀಣೆ ನುಡಿಸುತ್ತಿದ್ದೆಯಲ್ಲವೇ ಎಂದು. ತಂತಿ ಬಹಳ ಬಿಗಿದರೂ ಸಡಿಲಿಸಿದರೂ ನಾದ ಹೊರಡದು ಎಂಬುದು ಸೋಣನಿಗೆ ಗೊತ್ತಿತ್ತು. ಗೊತ್ತಿದ್ದ ಆ ತಂತಿಯಿಂದಲೇ ಅವನಿಗೆ ಮಧ್ಯಮ ಮಾರ್ಗ ತಿಳಿಯಿತು.

ಸಂಗೀತ ಚಿಕಿತ್ಸೆಯಲ್ಲಿಯೂ ಇಂಥದೇ ಒಂದು ಕ್ರಮವಿದೆ. 1948ರಲ್ಲಿ ಅಮೆರಿಕದ ವೈದ್ಯ ಐರಾ ಆಲ್ಟ್‌ಶುಲರ್ ಅದನ್ನು 'ಐಸೋ ತತ್ವ' ಎಂದು ವಿವರಿಸಿದರು. ಎದುರಿಗಿರುವವರ ಮನಸ್ಸು ಈಗ ಯಾವ ಲಯದಲ್ಲಿದೆಯೋ ಮೊದಲು ಅದನ್ನೇ ನುಡಿಸಬೇಕು. ಆಮೇಲೆ ಮೆಲ್ಲಗೆ ಬೇರೆ ಲಯಕ್ಕೆ ಕರೆದೊಯ್ಯಬೇಕು. ಮಾತು ಬಾರದ ಕಡೆಯೂ ಇದು ನಡೆಯುತ್ತದೆ.

ನಾನು ಚಿಕಿತ್ಸಕಿಯಲ್ಲ. ಆದರೂ ಒಂದು ದಿನ ಅವಳ ತಾಳವನ್ನು ನೆನಪಿಸಿಕೊಂಡು ನನ್ನ ಮೇಜಿನ ಮೇಲೆ ಬಡಿದೆ. ಅವಳು ತಲೆಯೆತ್ತಿ ನೋಡಿ, ಒಂದು ಪೆಟ್ಟು ಹೆಚ್ಚಿಗೆ ಸೇರಿಸಿ ಮರಳಿಸಿದಳು. ಅದು ನಮ್ಮ ಮೊದಲ ಸಂಭಾಷಣೆ. ಅದೇ ತಾಳಕ್ಕೆ ಒಂದು, ಎರಡು, ಮೂರು ಕಲಿತಳು. ಅವಳೂರಿನ ಹಾಡೊಂದನ್ನು ಮಕ್ಕಳಿಗೆಲ್ಲ ಕಲಿಸಿದಳು.

ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಮಳೆ ಹಿಡಿದು ಗೂಡು ಮುಚ್ಚಿತ್ತು. ಆ ಕುಟುಂಬ ಹೊರಟುಹೋಗಿತ್ತು. ನಮ್ಮಲ್ಲಿದ್ದ ಐದು ತಿಂಗಳಲ್ಲಿ ಮೂರು ತಿಂಗಳು ಅವಳು ಸುಮ್ಮನೆ ಕುಳಿತಿದ್ದಳು. ಆ ಮೂರು ತಿಂಗಳ ಮೌನ ಅವಳದ್ದಲ್ಲ, ನನ್ನದು.

*ಇಂದಿನ ಅಭ್ಯಾಸ:* ನಮ್ಮ ಭಾಷೆ ಬಾರದ ಒಬ್ಬರು ಇಂದು ಬಸ್ಸಿನಲ್ಲೋ ಅಂಗಡಿಯಲ್ಲೋ ಗಾರೆ ಕೆಲಸದಲ್ಲೋ ಎದುರಾಗಬಹುದು. ದನಿಯೇರಿಸಿ ಕನ್ನಡ ಹೇಳುವ ಮೊದಲು ಮೂರು ಉಸಿರಿನಷ್ಟು ಹೊತ್ತು ಅವರನ್ನು ಗಮನಿಸೋಣ. ಸಮ್ಮಾ ವಾಚಾ ಕಿವಿಯಿಂದ ಆರಂಭವಾಗಲಿ.

ಭವತು ಸಬ್ಬ ಮಂಗಲಂ 🪷