ಉಂಡು ಮಲಗಿದರೂ ಮುಗಿಯದ ಜಗಳ

ಆನೆಕೊಂಡದಲ್ಲಿ ಬಸವೇಶ್ವರನ ಕಾರ್ಣಿಕ ನುಡಿಯುವ ದಿನ ಜನ ಕಿವಿ ತೆರೆದು ನಿಲ್ಲುತ್ತಾರೆ. ಒಂದೇ ಒಂದು ಸಾಲಿನ ನುಡಿ. ಆಮೇಲೆ ಅದರ ಅರ್ಥ ಬಿಡಿಸುವುದೇ ಬಿಡಿಸುವುದು: ಮಳೆ ಏನಾಗುತ್ತೆ, ಮೆಕ್ಕೆಜೋಳಕ್ಕೆ ರೇಟು ಸಿಗುತ್ತಾ, ಸರ್ಕಾರ ಉಳಿಯುತ್ತಾ. ಅದೇ ಆನೆಕೊಂಡದ ಮನೆಯೊಂದರಲ್ಲಿ ಹೆಣ್ಣುಮಗಳೊಬ್ಬಳು ಒಲೆ ಮುಂದೆ ಕೂತು "ಸಾಕಾಗೇತವ್ವ ಈ ಬಾಳ್ವೆ" ಅಂದರೆ ಅದಕ್ಕೆ ಅರ್ಥ ಬಿಡಿಸುವವರಿಲ್ಲ. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ" ಅಂತ ಗಾದೆ ಹೇಳಿ ನಾವು ಎದ್ದು ಬರುತ್ತೇವೆ. ಉಣ್ಣಲಿಕ್ಕೆ ಸಾಲದ ಮನೆಯಲ್ಲಿ, ಮಲಗಲಿಕ್ಕೆ ಒಂದೇ ಕೋಣೆ ಇರುವ ಮನೆಯಲ್ಲಿ ಆ ಜಗಳ ಎಲ್ಲಿಗೆ ಹೋಗಿ ಮುಗಿಯಬೇಕು?

ನಮಗೆ ಗೊತ್ತಿರುವ ಒಂದು ಮನೆಯ ಕತೆ ಹೇಳುತ್ತೇವೆ. ಹೆಸರು ಬೇಡ, ಇಂಥ ಮನೆಗಳು ಪ್ರತಿ ಕೇರಿಯಲ್ಲೂ ಇವೆ. ಅಪ್ಪ ಗಿರಣಿ ಕೆಲಸಗಾರ. ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಅವನ ಬದುಕೂ ಬಾಗಿಲು ಹಾಕಿತು. ಮಗ ಮಾರುಕಟ್ಟೆಯಲ್ಲಿ ಹಮಾಲಿ. ಹಗಲೆಲ್ಲ ಚೀಲ ಹೊರುತ್ತಾನೆ. ಲೆಕ್ಕ ಬರೆಯುವವನು ಇವನಿಗಿಂತ ಹದಿನೈದು ವರ್ಷ ಚಿಕ್ಕವನು. ಕರೆಯುವುದು ಮಾತ್ರ ಏಕವಚನದಲ್ಲಿ, ಒಮ್ಮೊಮ್ಮೆ ಜಾತಿ ಹಿಡಿದು. ಇವನು ನುಂಗಿಕೊಳ್ಳುತ್ತಾನೆ. ಸಂಜೆ ಕುಡಿಯುತ್ತಾನೆ. ಮನೆಗೆ ಬಂದು "ಸಾರಿಗೆ ಉಪ್ಪಿಲ್ಲ" ಅಂತ ಗಂಗಾಳ ಎಸೆಯುತ್ತಾನೆ. ಹೆಂಡತಿ ದೊಡ್ಡವರ ಮನೆಗಳಲ್ಲಿ ಮುಸುರೆ ತಿಕ್ಕುತ್ತಾಳೆ. ಅಲ್ಲಿ ಅವಳ ಚಹಾದ ಲೋಟ ಕಿಟಕಿಯ ಮೇಲೆ ಬೇರೆ. ಅವಳೂ ನುಂಗಿಕೊಳ್ಳುತ್ತಾಳೆ. ಅವಳ ಕೈ ಮಗುವಿನ ಬೆನ್ನಿಗೆ ಬೀಳುತ್ತದೆ. ಮಗುವಿಗೆ ಹೊಡೆಯಲು ಯಾರೂ ಇಲ್ಲ. ಅದು ಮಾತು ಕಡಿಮೆ ಮಾಡಿತು, ರಾತ್ರಿ ಹಾಸಿಗೆಯಲ್ಲಿ ಉಚ್ಚೆ ಹೊಯ್ಯತೊಡಗಿತು.

ಅಂಬೇಡ್ಕರ್ ಜಾತಿಯನ್ನು ಶ್ರೇಣೀಕೃತ ಅಸಮಾನತೆ ಎಂದರು. ಮೇಲಿನವನು ಒದ್ದಾಗ ಕೆಳಗಿನವನನ್ನು ಒದೆಯಲು ಅವಕಾಶ ಕೊಡುವ ಏಣಿ ಅದು. ಆ ಏಣಿಯನ್ನು ನಾವು ಊರಿನಲ್ಲಿ ಕಂಡೆವು, ದೇವಸ್ಥಾನದ ಬಾಗಿಲಲ್ಲಿ ಕಂಡೆವು, ಕಚೇರಿಯಲ್ಲಿ ಕಂಡೆವು. ಅದರ ಕೊನೆಯ ಮೂರು ಮೆಟ್ಟಿಲು ನಮ್ಮ ಮನೆಯೊಳಗೇ ಇವೆ ಎಂಬುದನ್ನು ಮಾತ್ರ ಕಾಣಲಿಲ್ಲ. ಹೆಂಡ ಬೇಡ ಎಂದು ನಮ್ಮವರು ಕೂಗಿದರು, 2007ರ ಜುಲೈನಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಕುಡಿಯುವವನು ಏನನ್ನು ಮರೆಯಲು ಕುಡಿಯುತ್ತಾನೆ ಅಂತ ನಾವು ಕೂತು ಕೇಳಿರಲಿಲ್ಲ. ವೇದಿಕೆಯ ಮೇಲೆ ಸಮಾನತೆ ಮಾತಾಡಿ ಮನೆಗೆ ಹೋಗಿ ಕೈ ಎತ್ತುವವರು ನಮ್ಮ ನಡುವೆಯೇ ಇದ್ದರು. ಅದನ್ನು 'ಅವರ ಮನೆ ವಿಷಯ' ಅಂತ ಬಿಟ್ಟೆವು.

ನಮ್ಮ ಹಿರಿಯರು ಒಂದು ದಾರಿ ಕಂಡುಕೊಂಡಿದ್ದರು. ಕೇರಿಯ ಹೆಂಗಸಿನ ಮೈಮೇಲೆ ಅಮ್ಮ ಬಂದಾಗ ಗಂಡನೂ ಅತ್ತೆಯೂ ಕೈಮುಗಿದು "ಏನು ಬೇಕು ತಾಯಿ, ಹೇಳು" ಅನ್ನುತ್ತಿದ್ದರು. ವೈಚಾರಿಕತೆ ಕಲಿತ ನಾವು ಅದನ್ನು ಮೌಢ್ಯ ಅಂದೆವು. ಮೌಢ್ಯವೇ ಹೌದು. ಆದರೆ ಅವಳು ದೇವರಾಗುವ ತನಕ ಅವಳ ಮಾತು ಯಾರ ಕಿವಿಗೂ ಬೀಳುತ್ತಿರಲಿಲ್ಲವಲ್ಲ! ಅಮ್ಮನನ್ನು ಇಳಿಸಿದ ನಾವು ಕೇಳುವ ಕಿವಿಯನ್ನು ಆ ಜಾಗದಲ್ಲಿ ಇಡಲಿಲ್ಲ.

ಈಗ ಆಪ್ತ ಸಮಾಲೋಚನೆ, ಮನೋಚಿಕಿತ್ಸೆ ಎಂಬ ಮಾತು ಬಂದಿದೆ. ನಮ್ಮ ಗೆಳೆಯರು ಕೇಳುತ್ತಾರೆ: "ಅದು ಹೊಟ್ಟೆ ತುಂಬಿದವರ ಖಯಾಲಿ ಅಲ್ವೇನ್ರಿ? ಅನ್ಯಾಯದಿಂದ ಬಂದ ನೋವಿಗೆ ರೋಗ ಅಂತ ಹೆಸರಿಟ್ಟು ಗುಳಿಗೆ ಕೊಟ್ಟರೆ, ಅನ್ಯಾಯ ಮಾಡಿದವನು ಬಚಾವಾದ ಹಾಗಲ್ವೇ?" ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಇದನ್ನು ಎದುರಿಸಿದ ಒಬ್ಬ ಕಪ್ಪು ಜನಾಂಗದ ವೈದ್ಯ ಇದ್ದ, ಫ್ರಾಂಜ್ ಫ್ಯಾನನ್. 1953ರಿಂದ ಅಲ್ಜೀರಿಯಾದ ಬ್ಲಿಡಾದಲ್ಲಿ ಮನೋರೋಗಿಗಳನ್ನು ನೋಡುತ್ತಿದ್ದವನು, ಆಳುವವರ ವ್ಯವಸ್ಥೆಯೇ ಜನರ ಮನಸ್ಸು ಕೆಡಿಸುತ್ತಿದೆ ಎಂದು ಕಂಡು 1956ರಲ್ಲಿ ರಾಜೀನಾಮೆ ಕೊಟ್ಟು ವಿಮೋಚನಾ ಹೋರಾಟ ಸೇರಿದ. ಆದರೆ ವೈದ್ಯಕೀಯ ಬಿಡಲಿಲ್ಲ. ಟ್ಯುನಿಸ್‌ಗೆ ಹೋಗಿ ಹೋರಾಟದ ಜತೆಗೇ ರೋಗಿಗಳನ್ನೂ ನೋಡಿದ. ಎರಡರಲ್ಲಿ ಒಂದನ್ನೇ ಆರಿಸಬೇಕು ಅಂತ ಅವನಿಗೆ ಅನ್ನಿಸಲಿಲ್ಲ. ನಮಗೇಕೆ ಅನ್ನಿಸಬೇಕು?

ಆ ಹಮಾಲಿಯ ಮನೆಯವರು ಮಗುವಿಗೋಸ್ಕರ ಆಸ್ಪತ್ರೆಗೆ ಹೋದರು. ಮೊದಲು ಸಿಕ್ಕವರು "ನಿಮ್ಮದು ಯಾವ ಕಡೆಯಮ್ಮ?" ಅಂತ ಸುತ್ತಿ ಬಳಸಿ ಜಾತಿ ಕೇಳಿ, "ಗಂಡಸರು ಹಂಗೇ, ಹೊಂದಿಕೊಂಡು ಹೋಗು" ಎಂದು ಕಳಿಸಿದರು. ಅದು ಚಿಕಿತ್ಸೆಯಲ್ಲ, ಊರ ಗೌಡರ ಪಂಚಾಯ್ತಿ. ಪಂಚಾಯ್ತಿಗೆ ತೀರ್ಪು ಬೇಕು, ರಾಜಿ ಬೇಕು, ಬೇಗ ಎದ್ದು ಹೋಗಬೇಕು. ಎರಡನೆಯ ಸಲ ಸಿಕ್ಕ ಸಮಾಲೋಚಕಿ ಮಗುವನ್ನು ನೋಡಿ, ಅಪ್ಪನನ್ನೂ ಕರೆಸಿಕೊಂಡರು. "ಯಾಕೆ ಕುಡೀತೀಯ?" ಅಂತ ಕೇಳಲಿಲ್ಲ. "ಅವತ್ತು ಕುಡಿಯೋಕೆ ಮುಂಚೆ ಏನಾಗಿತ್ತು ಅಣ್ಣಾ?" ಅಂದರು. ನಲವತ್ತು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಅವನಿಗೆ ಕೇಳಿರಲಿಲ್ಲ. ಅತ್ತುಬಿಟ್ಟ.

ಕೆಲಸ ನಿಧಾನ. ಏನು ನಡೆಯಿತು, ಆಗ ತಲೆಯಲ್ಲಿ ಏನು ಬಂತು, ಮೈಯಲ್ಲಿ ಏನಾಯಿತು, ಕೈ ಏನು ಮಾಡಿತು ಎಂದು ಒಂದೊಂದೇ ಬಿಡಿಸಿ ನೋಡುವುದು. ಹೆಂಡತಿ ಸುಮ್ಮನಿದ್ದರೆ ಅವನಿಗೆ ಆ ಲೆಕ್ಕದವನ ತಾತ್ಸಾರವೇ ಕಾಣುತ್ತಿತ್ತು, ಎದೆ ಉರಿಯುತ್ತಿತ್ತು. ಅವಳು ಸುಮ್ಮನಿರುತ್ತಿದ್ದದ್ದು ಹೆದರಿಕೆಗೆ. ಇದು ಇಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಉರಿ ಏಳುವ ಹೊತ್ತಿಗೆ ಎದ್ದು ಹೊರಗೆ ಹೋಗಲು ಕಲಿತ. ಕುಡಿತಕ್ಕೆ ಬೇರೆ ಚಿಕಿತ್ಸೆ ಆಯಿತು. ಒಂದೆರಡು ಸಲ ಜಾರಿದ, ಮತ್ತೆ ಬಂದ. ಲೆಕ್ಕದವನು ಬದಲಾಗಲಿಲ್ಲ. ಆದರೆ ಒಂದು ದಿನ ಇವನು ಇನ್ನೂ ನಾಲ್ಕು ಜನರನ್ನು ಕರೆದುಕೊಂಡು ಹೋಗಿ "ಹೆಸರು ಹಿಡಿದು ಮರ್ಯಾದೆಯಿಂದ ಕರೀರಿ" ಎಂದ. ಇಪ್ಪತ್ತು ವರ್ಷ ಹೆಂಡತಿಯ ಮನೆಗೆ ತಪ್ಪು ವಿಳಾಸಕ್ಕೆ ಬರುತ್ತಿದ್ದ ಸಿಟ್ಟು ಅವತ್ತು ಸರಿಯಾದ ವಿಳಾಸಕ್ಕೆ ಹೋಯಿತು. ಚಿಕಿತ್ಸೆ ಅವನ ಸಿಟ್ಟನ್ನು ಆರಿಸಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ನೋವು ಉಂಡವನು ಎಂಬ ಕಾರಣಕ್ಕೆ ಹೊಡೆಯುವ ಹಕ್ಕು ಯಾರಿಗೂ ಬರುವುದಿಲ್ಲ. ಹೊಡೆತ ಇರುವ ಮನೆಯಲ್ಲಿ ಮೊದಲು ಹೆಣ್ಣಿನ ಮತ್ತು ಮಗುವಿನ ಜೀವ, ಆಮೇಲೆ ಸಂಬಂಧ. ಅವಳು ಬಿಟ್ಟು ಹೋಗುತ್ತೇನೆ ಅಂದರೆ ಅದೂ ಒಂದು ವಾಸಿಯಾಗುವ ದಾರಿಯೇ. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯ ನಿಯಮಗಳು ಸಮಾಲೋಚನೆಯಲ್ಲಿ ಹೊಡೆದವನು ತನ್ನ ಹೊಡೆತವನ್ನು ಸಮರ್ಥಿಸಿಕೊಳ್ಳುವಂತಿಲ್ಲ ಎನ್ನುತ್ತವೆ. ಸಂಘದ ಗೆಳೆಯರು ಇದನ್ನು ಬಾಯಿಪಾಠ ಮಾಡಬೇಕು.

ಹಾಗಾದರೆ ಈ ಕಿವಿ ಎಲ್ಲಿದೆ? ನಮ್ಮ ಪಕ್ಕದ ಬಳ್ಳಾರಿಯಲ್ಲೇ 1985ರಿಂದ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ಮಾನಸಿಕ ಚಿಕಿತ್ಸೆ ಕೊಡಬಹುದು ಎಂದು ತೋರಿಸಿದರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಲ್ಲಿಂದ ಬೆಳೆಯಿತು. ಆದರೂ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಸಾಮಾನ್ಯ ಮಾನಸಿಕ ತೊಂದರೆ ಇರುವ ನೂರು ಜನರಲ್ಲಿ ಸುಮಾರು 85 ಜನಕ್ಕೆ ಚಿಕಿತ್ಸೆ ಮುಟ್ಟಿರಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆ ಸರ್ಕಾರಿ ಚಿಕಿತ್ಸೆಯನ್ನು ಹಕ್ಕು ಎಂದಿತು, ಜಾತಿಯ ತಾರತಮ್ಯ ಕೂಡದು ಎಂದು ಜಾತಿಯ ಹೆಸರೆತ್ತಿಯೇ ಹೇಳಿತು. 2022ರಲ್ಲಿ ಟೆಲಿ ಮಾನಸ್ ಬಂತು. 14416ಕ್ಕೆ ಕಾಸಿಲ್ಲದೆ ಫೋನು ಮಾಡಿ ಕನ್ನಡದಲ್ಲೇ ಮಾತಾಡಬಹುದು. ಆದರೆ ಹಕ್ಕು ಅಂದ ಮೇಲೆ ಅದನ್ನು ಕೇಳಿ ಪಡೆಯಬೇಕು. ನೀರಿಗೆ, ನಿವೇಶನಕ್ಕೆ ಧರಣಿ ಕೂತ ನಾವು, ಪ್ರತಿ ಆರೋಗ್ಯ ಕೇಂದ್ರದಲ್ಲೂ ಕೂತು ಮಾತು ಕೇಳುವ ಒಬ್ಬ ಸಮಾಲೋಚಕರು ಬೇಕು ಅಂತ ಯಾವತ್ತಾದರೂ ಕೂತಿದ್ದೇವೆಯೇ? ನಮ್ಮ ಕೇರಿಯ ಮಕ್ಕಳು ಆ ಓದು ಓದಿ ಆ ಕುರ್ಚಿಯಲ್ಲಿ ಕೂರಲಿ. ಕಿಟಕಿಯ ಮೇಲಿನ ಲೋಟ ಅಂದರೇನು ಎಂದು ಅವರಿಗೆ ವಿವರಿಸಬೇಕಾಗುವುದಿಲ್ಲ.

ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನೂ ಸೇರಿಸೋಣ. ಅದಕ್ಕೆ ಮೊದಲು, ಇವತ್ತು ರಾತ್ರಿ ಮನೆಗೆ ಹೋದಾಗ ಗಂಗಾಳದ ಮುಂದೆ ಕೂತು ಒಂದು ಮಾತು ಕೇಳೋಣ: "ಇವತ್ತು ನಿಂಗೆ ಏನಾಯ್ತು?" ಕೇಳಿ, ಅವಳು ಹೇಳಿ ಮುಗಿಸುವ ತನಕ ಸುಮ್ಮನಿರೋಣ.