ತೋಟದ ವಸ್ತಿ ಮತ್ತು ಠಾಣೆಯ ಬಂದೂಕು

ಬೆಳಗಾವಿ ಜಿಲ್ಲೆಯ ಅಥಣಿ, ರಾಯಬಾಗ, ಕಾಗವಾಡದ ಕಡೆ ಊರು ಬಿಟ್ಟು ತೋಟದಲ್ಲೇ ಮನೆ ಮಾಡಿಕೊಂಡ ಕುಟುಂಬಗಳು ಬಹಳ. ತೋಟದ ವಸ್ತಿಗಳ ಹೆಸರಲ್ಲೇ ಸರಕಾರಿ ಶಾಲೆಗಳಿವೆ. ಸುತ್ತ ಆಳೆತ್ತರದ ಕಬ್ಬು, ನಡುವೆ ಕಾಲುದಾರಿ. ಗಂಟಲು ಹರಿದು ಕೂಗಿದರೆ ಪಕ್ಕದ ತೋಟಕ್ಕೆ ಕೇಳಿಸೀತು. ನಡುರಾತ್ರಿ ಇಲ್ಲಿ ಬಾಗಿಲು ಒಡೆಯುವವರನ್ನು ತಡೆಯುವವರು ಯಾರು? 112ಕ್ಕೆ ಫೋನ್ ಮಾಡಬಹುದು. ಗಾಡಿ ಬರುವ ತನಕ ಮನೆಯವರಿಗೆ ಮನೆಯವರೇ ದಿಕ್ಕು.

ಇದನ್ನು ಕಾನೂನೂ ಬಲ್ಲದು. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ತನ್ನ ಮತ್ತು ಪರರ ಜೀವ, ಸೊತ್ತು ಕಾಯುವ ಹಕ್ಕು ಕೊಡುತ್ತವೆ. 37ನೆಯ ಕಲಮಿನ ಷರತ್ತು ಮುಖ್ಯ: ಅಧಿಕಾರಿಗಳ ನೆರವು ಪಡೆಯಲು ವೇಳೆ ಇದ್ದರೆ ಆ ಹಕ್ಕಿಲ್ಲ; ಹಕ್ಕು ಇದ್ದಾಗಲೂ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಅಂದರೆ ಆತ್ಮರಕ್ಷಣೆಯ ಹಕ್ಕು ಎಲ್ಲಿ ಪದೇ ಪದೇ ಬೇಕಾಗುತ್ತದೋ ಅಲ್ಲಿಗೆ ಸರಕಾರ ಸರಿಯಾಗಿ ತಲುಪಿಲ್ಲ. ಇಂಥ ಕಡೆ ಜನರ ಧೈರ್ಯವನ್ನು ಹೊಗಳಿ ಸರಕಾರ ಕೈತೊಳೆದುಕೊಳ್ಳುವುದು ಅನ್ಯಾಯ.

ಯಾಕೆಂದರೆ ಜನರ ಕೈಯಿಂದ ಆಯುಧ ಇಸಿದುಕೊಂಡದ್ದು ಸರಕಾರವೇ. 1857ರ ನಿಶ್ಶಸ್ತ್ರೀಕರಣದ ಕಾನೂನಿಗೆ ಮುಧೋಳ ಸೀಮೆಯ ಹಲಗಲಿಯ ಬೇಡರು ತಲೆಬಾಗಲಿಲ್ಲ, ಹತಾರ ಒಪ್ಪಿಸಲಿಲ್ಲ, ಅದಕ್ಕಾಗಿ ಗಲ್ಲಿಗೇರಿದರು. ಸ್ವತಂತ್ರ ಭಾರತವೂ 1959ರ ಆಯುಧ ಕಾಯ್ದೆಯಲ್ಲಿ ಪರವಾನಗಿಯ ಬಿಗಿಯನ್ನು ಉಳಿಸಿಕೊಂಡಿತು. ಉಳಿಸಿಕೊಂಡದ್ದು ಸರಿ ಎನ್ನುತ್ತೇನೆ. ಬಾಂದಿನ ತಂಟೆ, ಕಾಲುವೆ ನೀರಿನ ಸರದಿಯ ಜಗಳ ಇರುವ ಸೀಮೆಯಲ್ಲಿ ಮನೆಗೊಂದು ಬಂದೂಕು ಬಂದರೆ ಕಳ್ಳನಿಗಿಂತ ಮೊದಲು ದಾಯಾದಿ ಬೀಳುತ್ತಾನೆ. ಆದರೆ ಆಯುಧವನ್ನು ತನ್ನಲ್ಲೇ ಇಟ್ಟುಕೊಂಡವನ ಮೇಲೆ ಅದನ್ನು ಬಲ್ಲವನಾಗಿರುವ ಹೊಣೆಯೂ ಬೀಳುತ್ತದೆ.

ಆ ಹೊಣೆ ಹಗುರದ್ದಲ್ಲ. ರೈಫಲ್ಲಿನ ಹಿಡಿಯನ್ನು ಭುಜಕ್ಕೆ ಒತ್ತಿ, ಉಸಿರು ಬಿಗಿಹಿಡಿದು, ಕುದುರೆಯನ್ನು ಜಗ್ಗದೆ ಮೆಲ್ಲಗೆ ಎಳೆಯುವುದು ಕೈಗೆ ಕೂರಬೇಕಾದ ಕೆಲಸ. ಜಾತ್ರೆ, ಚುನಾವಣೆ, ಸಮನ್ಸು, ಬಂದೋಬಸ್ತುಗಳಲ್ಲೇ ದಿನ ಕಳೆವ ಪೇದೆಗೆ ಅದು ಎಷ್ಟು ಕೂತೀತು? ಅಭ್ಯಾಸದ ಮೈದಾನದಲ್ಲಿ ಗುರಿ ಹಗಲು ಬೆಳಕಲ್ಲಿ ಅಲುಗದೆ ನಿಂತಿರುತ್ತದೆ. ಕಬ್ಬಿನ ಕತ್ತಲಲ್ಲಿ ಓಡುವವನು ಕಳ್ಳನೂ ಇರಬಹುದು, ಅವನನ್ನು ಅಟ್ಟಿಸಿಕೊಂಡು ಹೊರಟ ಮನೆಯ ಮಗನೂ ಇರಬಹುದು. ಸಲಕರಣೆಯ ಕತೆಯೂ ಇಷ್ಟೇ. 2008ರ ಮುಂಬೈ ದಾಳಿಯಲ್ಲಿ ಅಲ್ಲಿನ ಪೊಲೀಸ್ ತುಕಾರಾಮ ಓಂಬಳೆಯವರ ಬಳಿ ಇದ್ದದ್ದು ಲಾಠಿ ಮಾತ್ರ. ದಾಳಿಕೋರ ಕಸಬ್‌ನ ಬಂದೂಕಿನ ನಳಿಗೆಯನ್ನೇ ಹಿಡಿದು ಪ್ರಾಣ ಕೊಟ್ಟರು. ಅವರಿಗೆ ಕೈಮುಗಿಯೋಣ. ಸಲಕರಣೆ, ತರಬೇತಿಯ ಕೊರತೆಯನ್ನು ಪೊಲೀಸರ ಎದೆಗಾರಿಕೆಯಿಂದ ತುಂಬಿಸುವುದನ್ನು ಮಾತ್ರ ಒಪ್ಪಲಾಗದು.

ಗುರಿ ತಪ್ಪದಿರುವುದೊಂದೇ ಯೋಗ್ಯತೆಯೂ ಅಲ್ಲ. ತಂಬಾಕಿಗೆ ನ್ಯಾಯವಾದ ಬೆಲೆ ಕೇಳಿ ಶರದ ಜೋಶಿಯವರ ಮುಂದಾಳತ್ವದಲ್ಲಿ ಹೆದ್ದಾರಿಯಲ್ಲಿ ಕೂತ ರೈತರ ಮೇಲೆ 1981ರ ಏಪ್ರಿಲ್ 6ರಂದು ನಿಪ್ಪಾಣಿಯಲ್ಲಿ ಗೋಲಿಬಾರ್ ಆಯಿತು. 12 ರೈತರು ಸತ್ತರು. ಅಲ್ಲಿ ಬಂದೂಕುಗಳು ಕೆಟ್ಟಿರಲಿಲ್ಲ, ಕೆಟ್ಟದ್ದು ಅವನ್ನು ಹಾರಿಸುವ ತೀರ್ಮಾನ. ಹಾಗಾಗಿ ಚಿಕ್ಕೋಡಿಯ ಠಾಣೆಯಾಗಲಿ ಕಾಗವಾಡದ್ದಾಗಲಿ, ಪ್ರತಿ ಪೇದೆಗೆ ಇರುಳಿನಲ್ಲಿ ಗುರಿ ಹಿಡಿಯುವ ಅಭ್ಯಾಸ ಬೇಕು, ಗುಂಪಿನ ಎದುರು ಬೆರಳು ತಡೆಯುವ ಅಭ್ಯಾಸ ಅದಕ್ಕೂ ಮೊದಲು ಬೇಕು. ವಸ್ತಿಯವರು ಸರದಿಯ ಮೇಲೆ ಎಚ್ಚರಿರಲಿ, ಒಂದು ಮನೆಯ ಕೂಗಿಗೆ ನಾಲ್ಕು ಮನೆ ದೀಪ ಹಚ್ಚಿ ಹೊರಬರಲಿ. ಅಷ್ಟನ್ನು ಅವರು ಮಾಡಬಲ್ಲರು, ಮಾಡುತ್ತಲೂ ಇದ್ದಾರೆ. ಉಳಿದದ್ದನ್ನು ಅವರಿಂದ ಕೇಳುವ ಹಕ್ಕು ಆಯುಧ ಇಸಿದುಕೊಂಡ ಸರಕಾರಕ್ಕಿಲ್ಲ.