ಮೂಲರೂಪದ ಕೋವಿ

ಸ್ವೀಡನ್ನಿನ ಶಸ್ತ್ರ ಕಾನೂನಿನಲ್ಲಿ ಒಂದು ತಮಾಷೆಯ ಗೆರೆ ಇದೆ. 1890ಕ್ಕಿಂತ ಮೊದಲು ತಯಾರಾದ, ಈಗಿನ ತೋಟಾ ಹಾಕಲು ಬಾರದ ಕೋವಿಯನ್ನು ಮನೆಯಲ್ಲಿಟ್ಟುಕೊಳ್ಳಲು ಲೈಸೆನ್ಸ್ ಬೇಕಿಲ್ಲ. ಮದ್ದು ತುಂಬಿದರೆ ಅದು ಇವತ್ತೂ ಪ್ರಾಣ ತೆಗೆದೀತು. ಆದರೂ ಸರ್ಕಾರದ ಲೆಕ್ಕದಲ್ಲಿ ಅದರ ಆಯುಸ್ಸು ಮುಗಿದಿದೆ.

ಸ್ವೀಡನ್ನಿನ ಸ್ಕೋನೆ ಪ್ರಾಂತ್ಯದ ಉತ್ತರ ಭಾಗದಲ್ಲಿ ಯೋಯಿಂಗೆ ಎಂಬ ಕಾಡುಸೀಮೆ. ಲೈಸೆನ್ಸ್ ಬೇಡದ ಇಂಥ ಹಳೆಯ ಕೋವಿಗಳಲ್ಲಿ, 17ನೆಯ ಶತಮಾನದಲ್ಲಿ ಅಲ್ಲಿ ತಯಾರಾದ ರೈತರ ಕೋವಿಗಳೆಂದರೆ ಸಂಗ್ರಾಹಕರು ಬಾಯಿಬಾಯಿ ಬಿಡುತ್ತಾರೆ. ಸಣ್ಣ ಬಾಯಿಯ, ಒಳಗೆ ಸುರುಳಿಗೆರೆ ಕೊರೆದ ನಳಿಗೆ. ಭುಜಕ್ಕೆ ಕೊಡದೆ ಕೆನ್ನೆಗೆ ಒತ್ತಿ ಹಿಡಿಯುವ ಮೋಟು ಮರ. ಆ ಮರದಲ್ಲಿ ಕೂರಿಸಿದ ಕೊಂಬು, ಮೂಳೆಯ ಚೂರುಗಳು. 1658ರಲ್ಲಿ ಡೆನ್ಮಾರ್ಕ್ ಈ ಪ್ರಾಂತ್ಯವನ್ನು ಸ್ವೀಡನ್ನಿಗೆ ಬಿಟ್ಟುಕೊಟ್ಟಿತು. ಮುಂದಿನ ಯುದ್ಧದಲ್ಲಿ ಹಳೆಯ ದೊರೆಯ ಪರ ನಿಂತು ಕಾಡಿನಿಂದ ಗುಂಡು ಹಾರಿಸಿದವರನ್ನು ಸ್ನಾಪ್‌ಹಾನೆಗಳೆಂದು ಕರೆದರು. 1678ರಲ್ಲಿ ಸ್ವೀಡನ್ನಿನ ದೊರೆ ಹನ್ನೊಂದನೆಯ ಕಾರ್ಲ್ ಅಲ್ಲಿನ ಎರ್ಕೆನೆಡ್ ಪ್ಯಾರಿಷ್ಷನ್ನು ಸುಟ್ಟು, ಆಯುಧ ಹಿಡಿಯಬಲ್ಲ ಗಂಡಸರನ್ನೆಲ್ಲ ಕೊಲ್ಲಲು ಆಜ್ಞೆ ಮಾಡಿದ. ಸುಡಿಸಿದ ದೊರೆಯೂ ಇಲ್ಲ, ಉರಿದ ಮನೆಗಳೂ ಇಲ್ಲ. ಆ ಸೀಮೆಯ ಕೋವಿಗಳು ಮಾತ್ರ ಮ್ಯೂಸಿಯಮ್ಮಿನ ಗೋಡೆಗಳಲ್ಲಿ ಉಳಿದಿವೆ.

ವಸ್ತು ಉಳಿಯಿತು, ಮನುಷ್ಯ ಅಳಿದ ಎಂದು ನಿಟ್ಟುಸಿರು ಬಿಡುವುದು ಸುಲಭ. ನನಗೆ ಅದು ಅರ್ಧ ಸತ್ಯವೆನಿಸುತ್ತದೆ. ರೈತನ ಕೈಯಲ್ಲಿದ್ದಾಗ ಕೋವಿ ಒಂದೇ ರೂಪದಲ್ಲಿ ನಿಂತಿರಲೇ ಇಲ್ಲ. ಮದ್ದಿನ ಮಸಿ ತೇವ ಹೀರಿ ನಳಿಗೆಯನ್ನು ಒಳಗಿನಿಂದ ತಿನ್ನುತ್ತಿತ್ತು. ಸುರುಳಿಗೆರೆ ಸವೆದರೆ ಕಮ್ಮಾರ ಅದನ್ನೇ ಇನ್ನಷ್ಟು ಆಳಕ್ಕೆ ಕೊರೆಯುತ್ತಿದ್ದ. ಬಾಯಿ ಕೂದಲೆಳೆಯಷ್ಟು ಅಗಲವಾಗುತ್ತಿತ್ತು, ಹಳೆಯ ಎರಕದಚ್ಚಿನ ಗುಂಡು ಸಡಿಲವಾಗುತ್ತಿತ್ತು, ಅಚ್ಚನ್ನೂ ಹಿಗ್ಗಿಸಬೇಕಾಗುತ್ತಿತ್ತು. ಒಡೆದ ಮರದ ಜಾಗಕ್ಕೆ ಬರ್ಚ್ ಮರದ ಹೊಸ ತುಂಡು ಬರುತ್ತಿತ್ತು. 19ನೆಯ ಶತಮಾನದಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಚಕಮಕಿ ಕಲ್ಲು ಹೋಗಿ ಸಿಡಿಯುವ ಕೇಪು ಬಂದಾಗ ಎಷ್ಟೋ ಹಳೆಯ ನಳಿಗೆಗಳು ಕೇಪಿನ ಕೋವಿಗಳಾದವು. ಅಜ್ಜನ ಕೋವಿ ಎಂದು ಮೊಮ್ಮಗ ಹೆಮ್ಮೆಯಿಂದ ಹಿಡಿದದ್ದರಲ್ಲಿ ಅಜ್ಜ ಮುಟ್ಟಿದ ಭಾಗ ಎಷ್ಟು ಉಳಿದಿತ್ತೋ!

ಸಂಗ್ರಾಹಕನಿಗೆ ಈ ತೇಪೆಗಳು ಬೇಡ. ಮೂಲರೂಪದಲ್ಲೇ ಇದೆಯೇ ಎಂಬುದು ಅವನ ಮೊದಲ ಪ್ರಶ್ನೆ, ಕೇಪಿಗೆ ಮಾರ್ಪಟ್ಟಿದ್ದರೆ ಅವನಿಗೆ ಅರ್ಧ ಉತ್ಸಾಹ. ಆದರೆ ಏನೂ ಬದಲಾಗದೆ ಉಳಿದ ಕೋವಿ ಎಂದರೆ ಬಹುಮಟ್ಟಿಗೆ ಯಾರೂ ಹೆಚ್ಚು ಬಳಸದ ಕೋವಿ. ಮೂಲೆಗೆ ಬಿದ್ದದ್ದಕ್ಕೇ ಹೆಚ್ಚು ಬೆಲೆ ಎಂಬ ಈ ಲೆಕ್ಕ ನನಗೆ ಹಿಡಿಸುವುದಿಲ್ಲ.

ಇಷ್ಟಕ್ಕೂ ಗಾಜಿನ ಪೆಟ್ಟಿಗೆಯಲ್ಲಿಟ್ಟ ಮಾತ್ರಕ್ಕೆ ಕಾಲ ಹೊರಗೆ ನಿಲ್ಲುವುದಿಲ್ಲ. ಸ್ವೀಡನ್ನಿನ ಚಳಿಗಾಲದಲ್ಲಿ ಮನೆಯೊಳಗೆ ಬೆಚ್ಚಗಿಟ್ಟ ಗಾಳಿ ಒಣಗುತ್ತದೆ. ಮರ ಕುಗ್ಗುತ್ತದೆ, ಅದರಲ್ಲಿ ಕೂತ ಮೂಳೆ ಅಷ್ಟೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ, ಒಂದು ದಿನ ಚೂರು ಎದ್ದು ಬರುತ್ತದೆ. ಮಾರ್ಪಾಡಾದ ಕೋವಿಯನ್ನು ಮೂಸಿಯೂ ನೋಡದಿದ್ದ ಸಂಗ್ರಾಹಕ ಆಗ ಅಂಟು ಕಾಯಿಸಿಕೊಂಡು ಕೂರುತ್ತಾನೆ. ಮುಂದೆ ಅದನ್ನು ಕೊಳ್ಳುವವನು ಭೂತಗನ್ನಡಿ ಹಿಡಿದು ಇವನ ತೇಪೆಯನ್ನೂ ಹುಡುಕಿ, ಬೆಲೆ ಇಳಿಸುತ್ತಾನೆ.